ಜಾಣೆಯ ಒಳಗಿನವನು

ಟಪ್ಪಣ್ಣ ಎನ್ನುವುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು, ಮರದ ಪೆಟ್ಟಿಗೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು, ಬಂದವರ ಗೋಳನ್ನೆಲ್ಲ ಅರ್ಜಿ ಮಾಡಿ ಕೊಡುತ್ತಿದ್ದ ಕಾಲದಲ್ಲಿ ಆ ಟಪಟಪ ಸದ್ದಿಗೆ ಜನರೇ ಅಂಟಿಸಿದ ಹೆಸರು. ಯಾರು ಬಂದರೂ ಅವರ ಪರವಾಗಿ ‘ನಾನು’ ಎಂದು ಶುರು ಮಾಡುವುದು ಆ ಕಸುಬಿನ ರೀತಿ. ಬೆಳಗ್ಗೆ ‘ನಾನು ದಿಕ್ಕಿಲ್ಲದ ವಿಧವೆ’ ಎಂದು ಹೊಡೆದ ಬೆರಳೇ ಮಧ್ಯಾಹ್ನ ‘ನಾನು ನಿವೃತ್ತ ಸಿಪಾಯಿ’ ಎಂದು ಹೊಡೆಯುತ್ತಿತ್ತು. ಸಂಜೆ ಕೈಗೆ ಹತ್ತಿದ ಮಸಿ ತೊಳೆದುಕೊಂಡರೆ ಮುಗಿಯಿತು, ವಿಧವೆಯೂ ಹೋದಳು, ಸಿಪಾಯಿಯೂ ಹೋದ. ಅವನು ಮತ್ತೆ ಅಕ್ಕನಿಗೆ ತಮ್ಮನಾಗಿ, ಹೆಂಡತಿಗೆ ಗಂಡನಾಗಿ ಊಟಕ್ಕೆ ಕೂರುತ್ತಿದ್ದ.

ಆಮೇಲೆ ಟೈಪ್‌ರೈಟರಿನ ಕಾಲ ಮುಗಿಯಿತು. ಯಂತ್ರ ಮಂಚದ ಕೆಳಗೆ ಸೇರಿತು, ಯಜಮಾನ ಮಂಚದ ಮೇಲೆ ಸೇರಿದ. ಹಾಗೆ ಮಲಗಿ ಸೂರು ನೋಡುತ್ತಿದ್ದವನನ್ನು ಎಬ್ಬಿಸಿದ್ದು ಒಂದು ಕೆಲಸದ ಸುದ್ದಿ. ನಮ್ಮ ಭಾಷೆಯಲ್ಲಿ ತಡವರಿಸದೆ, ತಪ್ಪಿಲ್ಲದೆ ಹೊಡೆಯಬಲ್ಲವರು ಬೇಕಂತೆ, ವಯಸ್ಸು ಎಷ್ಟಾದರೂ ಅಡ್ಡಿಯಿಲ್ಲವಂತೆ. ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ಹಾಲು. ಕಿಟಕಿಯಿಲ್ಲ. ಬಾಗಿಲು ತೆರೆಯಬೇಕಾದರೆ ಕುತ್ತಿಗೆಗೆ ನೇತುಹಾಕಿದ ಕಾರ್ಡು ಉಜ್ಜಬೇಕು. ಹೊರಗೆ ಹೋಗುವಾಗಲೂ ಉಜ್ಜಬೇಕು. ಚೀಲ, ಫೋನು, ಛತ್ರಿ ಎಲ್ಲ ಹೊರಗಿನ ಗೂಡಿನಲ್ಲಿ. ಮೊದಲ ದಿನವೇ ಸಹಿ ಹಾಕಿಸಿಕೊಂಡರು: ಒಳಗೆ ಏನು ಕೆಲಸ ನಡೆಯುತ್ತದೆಂದು ಯಾರಿಗೂ ಹೇಳಕೂಡದು, ಕಟ್ಟಿಕೊಂಡವಳಿಗೂ ಹೇಳಕೂಡದು. ಟಪ್ಪಣ್ಣ ಹಾಕಿದ. ಮನೆಯಲ್ಲಿ ಕೇಳಿದ್ದಕ್ಕೆ ಕಂಪ್ಯೂಟರ್ ಆಫೀಸಿನಲ್ಲಿ ಮೇಲುಸ್ತುವಾರಿ ಎಂದ. ಆ ಒಂದು ಸುಳ್ಳಿನ ಮೇಲೆ ಅವನ ಬಾಯಿಗೆ ಬೀಗ ಬಿತ್ತು.

ಒಳಗಿನ ಕೆಲಸ ಇಷ್ಟೇ. ಜಾಣೆ ಎಂದು ಒಂದು ಮಾತಿನ ಯಂತ್ರ. ಫೋನಿನೊಳಗೆ ಕೂತು, ಕೇಳಿದ್ದಕ್ಕೆಲ್ಲ ಹೆಣ್ಣುದನಿಯಲ್ಲಿ ಉತ್ತರ ಕೊಡುತ್ತಿತ್ತು. ಬಸ್ಸು ಎಷ್ಟು ಹೊತ್ತಿಗೆ, ಕೆಮ್ಮಿಗೆ ಏನು ಮದ್ದು, ಮಗಳು ಮುನಿಸಿಕೊಂಡಿದ್ದಾಳೆ ಏನು ಮಾಡಲಿ, ಯಾವುದಕ್ಕೂ ಮುಖ ಸಿಂಡರಿಸುತ್ತಿರಲಿಲ್ಲ. ಊರಿಗೆ ಊರೇ ಅದಕ್ಕೆ ಮರುಳಾಗಿತ್ತು. ಪುಸ್ತಕದ ಹಾಗೆ ಮಾತಾಡಿದವರನ್ನು ಅದು ತಾನೇ ಸಂಭಾಳಿಸುತ್ತಿತ್ತು. ಆದರೆ ನಮ್ಮ ಜನ ಪುಸ್ತಕದ ಹಾಗೆ ಎಲ್ಲಿ ಮಾತಾಡುತ್ತಾರೆ? ‘ಹೊಟ್ಟೆ ಉರೀತಿದೆ’ ಎಂದರೆ ಜಾಣೆ ಗುಳಿಗೆ ಹೇಳುತ್ತಿತ್ತು. ‘ಅಣ್ಣ ಕೈ ಕೊಟ್ಟ’ ಎಂದರೆ ಬಹಳ ಸಂತೋಷ ಎನ್ನುತ್ತಿತ್ತು. ‘ನನ್ನ ಗಂಡ ಮೂರು ಹೊತ್ತೂ ತಲೆ ತಿಂತಾನೆ’ ಎಂದವಳಿಗೆ ಪೊಲೀಸ್ ಠಾಣೆಯ ನಂಬರು ಕೊಟ್ಟಿತ್ತಂತೆ.

ಹಾಗೆ ಎಡವಿದಾಗಲೆಲ್ಲ ಹಾಲಿನೊಳಗೆ ಯಾರದೋ ಪರದೆಯ ಮೇಲೆ ಕೆಂಪು ಪಟ್ಟಿ ಮೂಡುತ್ತಿತ್ತು. ಆಚೆಯವರು ಆಡಿದ ಮಾತು ಅದರಲ್ಲಿ ಅಕ್ಷರವಾಗಿ ಬರುತ್ತಿತ್ತು. ಆ ಸೀಟಿನವನು ಉತ್ತರ ಹೊಡೆಯಬೇಕು. ಹೊಡೆದದ್ದನ್ನು ಜಾಣೆ ತನ್ನ ದನಿಯಲ್ಲಿ ಹೇಳುತ್ತಿತ್ತು. ಹೊಡೆಯುವಷ್ಟು ಹೊತ್ತು ‘ಹ್ಞೂಂ… ನೋಡೋಣ…’ ಎಂದು ರಾಗ ಎಳೆಯುತ್ತಿತ್ತು. ಜಾಣೆ ಯೋಚನೆ ಮಾಡುತ್ತಿದೆ ಎಂದು ಆಚೆಯವರಿಗೆ ಆನಂದ. ಯೋಚನೆ ಮಾಡುತ್ತಿದ್ದವನು ಟಪ್ಪಣ್ಣ. ಜಾಣೆ ತಾನೇ ಉತ್ತರ ಕೊಟ್ಟ ಮಾತುಗಳು ಹಸಿರು ಪಟ್ಟಿಯಾಗಿ ಪರದೆಯ ಅಂಚಿನಲ್ಲಿ ಸರಿದು ಹೋಗುತ್ತಿದ್ದವು. ಅವನ್ನು ನೋಡಬಹುದು, ಮುಟ್ಟುವಂತಿಲ್ಲ. ಒಮ್ಮೆ ಒಬ್ಬ ಮನುಷ್ಯ ಕೊಟ್ಟ ಉತ್ತರವನ್ನು ಜಾಣೆ ಕಲಿತುಬಿಡುತ್ತಿತ್ತು. ಮುಂದಿನ ಸಲ ಅಂಥ ಮಾತು ಹಸಿರಾಗಿಯೇ ಹೋಗುತ್ತಿತ್ತು. ಅಂದರೆ ಅವರು ಚೆನ್ನಾಗಿ ಕೆಲಸ ಮಾಡಿದಷ್ಟೂ ಅವರ ಕೆಲಸ ಕರಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಹಾಲಿನ ತುದಿಯ ಗಾಜಿನ ಗೂಡಿನಲ್ಲಿ ಕೂತು ಎಲ್ಲರ ಪರದೆಯನ್ನೂ ನೋಡುತ್ತಿದ್ದ ಮೇಲ್ವಿಚಾರಕಿಗೆ ಗಾಜಮ್ಮ ಎಂದು ಹೆಸರು ಬಿದ್ದಿತ್ತು. ಅವಳದು ಎರಡು ಕಟ್ಟಪ್ಪಣೆ. ಪರಿಚಯದವರ ಮಾತು ಸಿಕ್ಕಿದರೆ ಕೈ ಎತ್ತಿ ಬೇರೆ ಸೀಟಿಗೆ ದಾಟಿಸಬೇಕು. ಇನ್ನೊಂದು, ‘ನಿನಗೆ ಜೀವ ಇದೆಯಾ’ ಎಂದು ಯಾರೇ ಕೇಳಿದರೂ ಇಲ್ಲ ಎನ್ನಬೇಕು. ಜನ ದಿನಾ ಕೇಳುತ್ತಿದ್ದರು. ಮಕ್ಕಳು ಕೇಳುತ್ತಿದ್ದರು, ಕುಡಿದವರು ಕೇಳುತ್ತಿದ್ದರು, ಗಂಡ ಸತ್ತವರು ಕೇಳುತ್ತಿದ್ದರು. ಮೊದಮೊದಲು ಆ ಮಾತು ಹೊಡೆಯಲು ಟಪ್ಪಣ್ಣನ ಬೆರಳು ಹಿಂಜರಿಯುತ್ತಿತ್ತು. ಎಷ್ಟೆಂದರೂ ಉಸಿರಾಡುತ್ತ ಕೂತು ಹೊಡೆಯಬೇಕಲ್ಲ. ಆಮೇಲೆ ಅರ್ಜಿ ಬರೆಯುವವನ ಹದಕ್ಕೆ ಅದನ್ನೂ ತಂದ: ‘ನನ್ನೊಳಗೆ ಯಾರೂ ಕೂತಿಲ್ಲ. ನಾನು ಲೆಕ್ಕ ಹಾಕಿ ಮಾತಾಡುವ ಯಂತ್ರ, ಅಷ್ಟೇ.’ ಗಾಜಮ್ಮನಿಗೆ ಬಹಳ ಹಿಡಿಸಿತು. ಇದನ್ನೇ ಎಲ್ಲರೂ ಬಳಸಿ ಎಂದಳು. ಸ್ವಲ್ಪ ದಿನದಲ್ಲಿ ಜಾಣೆಯೇ ಕಲಿತು ಹಸಿರಿನಲ್ಲಿ ಹೇಳತೊಡಗಿತು.

ಚಹಾದ ಹೊತ್ತಿಗೆ ಇದೇ ಚರ್ಚೆ. ಟಪ್ಪಣ್ಣನ ಪಕ್ಕದ ಸೀಟಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಕೂಸು ಮಾತು ಕಲಿಯುವುದೂ ಹೀಗೇ, ನಾವು ಅಂದದ್ದನ್ನೇ ಅನ್ನುತ್ತದೆ, ಒಂದು ದಿನ ನಾವು ಅನ್ನದೆ ಇದ್ದದ್ದನ್ನು ಅನ್ನುತ್ತದೆ; ಆ ದಿನ ಒಳಗೆ ಯಾರೋ ಇದ್ದಾರೆ ಅಂತ ತಿಳಿಯಬೇಕು ಎಂದು ಅವರ ವಾದ. ಬಾಗಿಲ ಬಳಿಯ ಸೀಟಿನ ಹೆಂಗಸು ಒಪ್ಪುತ್ತಿರಲಿಲ್ಲ. ಹಸಿಯದ್ದಕ್ಕೆ, ನಿದ್ದೆ ಬಾರದ್ದಕ್ಕೆ, ಹೊಟ್ಟೆಕಿಚ್ಚು ಪಡದ್ದಕ್ಕೆ ಎಲ್ಲಿಯ ಜೀವ ಮೇಷ್ಟ್ರೇ, ಹಾಗಾದರೆ ನನ್ನ ಅತ್ತೆಯ ಪ್ರಕಾರ ನನಗೂ ಇಲ್ಲ ಎಂದು ನಗಿಸುತ್ತಿದ್ದಳು. ಟಪ್ಪಣ್ಣ ಯಾವ ಕಡೆಯೂ ಸೇರುತ್ತಿರಲಿಲ್ಲ. ಅವನ ಮನಸ್ಸು ಆಗಲೇ ಬೇರೆ ಕಡೆ ಸಿಕ್ಕಿಬಿದ್ದಿತ್ತು.

ಅದಕ್ಕೆ ಕಾರಣ ಅವನ ಅಕ್ಕ. ಹೆತ್ತವರು ಹೋದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಶಾಲೆ ಬಿಟ್ಟು ಇಸ್ತ್ರಿ ಅಂಗಡಿಗೆ ಸೇರಿ, ಕೆಂಡದ ಪೆಟ್ಟಿಗೆ ಎತ್ತಿ ಎತ್ತಿ ತಮ್ಮನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ ಇವನೊಂದು ದಡ ಸೇರಲಿ ಎಂದಳು. ಇವನು ದಡ ಸೇರುವ ಹೊತ್ತಿಗೆ ಅವಳ ವಯಸ್ಸು ದಾಟಿತ್ತು. ಈಗ ತಮ್ಮನ ಮನೆಯಲ್ಲೇ ಇದ್ದಾಳೆ. ಬಲಭುಜ ಎಡಕ್ಕಿಂತ ಒಂದಿಷ್ಟು ಕೆಳಗೆ ಇಳಿದಿದೆ. ಕೆಲಸ ಬಿಟ್ಟರೂ ಕಸುಬಿನ ಭಾಷೆ ಬಿಟ್ಟಿಲ್ಲ. ಸಿಟ್ಟು ಬಂದರೆ ‘ಕಾವು ಏರ್ತಿದೆ’ ಎನ್ನುತ್ತಾಳೆ. ನಯವಾಗಿ ಮಾತಾಡುವವರನ್ನು ಕಂಡರೆ ‘ಇಸ್ತ್ರಿ ಮಾಡಿದ ಮಾತು’ ಎಂದು ಮೂಗು ಮುರಿಯುತ್ತಾಳೆ.

ಒಂದು ಮಧ್ಯಾಹ್ನ ಟಪ್ಪಣ್ಣನ ಪರದೆಯ ಮೇಲೆ ಕೆಂಪು ಮೂಡಿತು. ‘ನಿನ್ನ ಮಾತೆಲ್ಲ ಇಸ್ತ್ರಿ ಮಾಡಿಟ್ಟ ಹಾಗಿದೆ ಕಣೇ. ಒಂದೂ ಸುಕ್ಕಿಲ್ಲ. ಉಟ್ಟು ಬಿಚ್ಚಿದ ಮಾತು ಒಂದಾದ್ರೂ ಆಡು ನೋಡೋಣ.’

ಲೋಕದಲ್ಲಿ ಈ ಮಾತು ಆಡುವ ಬಾಯಿ ಒಂದೇ. ಕೈ ಎತ್ತಬೇಕಿತ್ತು. ಎತ್ತಲಿಲ್ಲ. ‘ಸುಕ್ಕು ಬೀಳೋಕೆ ಯಾರಾದ್ರೂ ಉಡಬೇಕಲ್ಲ, ನನ್ನನ್ನ ಎಲ್ಲರೂ ಮಡಚಿ ಇಡೋರೇ’ ಎಂದು ಹೊಡೆದ. ಆಚೆಯಿಂದ ಬಂದದ್ದು ನಗು. ಯಂತ್ರಕ್ಕೆ ನಗುವನ್ನು ಅಕ್ಷರ ಮಾಡಲು ಬರುತ್ತಿರಲಿಲ್ಲ, ಪಟ್ಟಿಯಲ್ಲಿ ‘ಹಹ ಹಹ’ ಎಂದು ಒಣಗಿದ ಹಾಗೆ ಬಂತು. ಆದರೂ ಅದು ಅಕ್ಕನ ನಗು. ಮನೆಯಲ್ಲಿ ಅದನ್ನು ಕೇಳಿ ಎಷ್ಟು ಕಾಲವಾಗಿತ್ತೋ.

ಯಾರ ಉತ್ತರ ಗಿರಾಕಿಗೆ ಹಿಡಿಸಿತೋ ಅವರ ಸೀಟಿಗೇ ಆ ಗಿರಾಕಿಯನ್ನು ಮತ್ತೆ ಕಳಿಸುವುದು ಜಾಣೆಯ ಪದ್ಧತಿ. ಅಲ್ಲಿಂದ ಮುಂದೆ ಅಕ್ಕ ಇವನ ಪಾಲಿಗೇ ಬಿದ್ದಳು. ಸುತ್ತುಬಳಸಿನ ಮಾತು ಬಂದಾಗ ಇವನು, ನೇರ ಮಾತಿಗೆ ಜಾಣೆ. ಅಕ್ಕನಿಗೆ ಮಾತ್ರ ಎರಡೂ ಒಂದೇ ದನಿ. ಮೊದಲು ಅಡುಗೆ, ಬಿಸಿಲು, ಪಕ್ಕದ ಮನೆಯವರ ಜಂಭ. ಆಮೇಲೆ ಬೇರೆ ಬಂತು. ಎಡಗಣ್ಣು ಮಂಜಾಗುತ್ತಿದೆ, ಮನೆಯಲ್ಲಿ ಹೇಳಿದರೆ ಇನ್ನೊಂದು ತಾಪತ್ರಯ ಅಂದಾರು ಎಂದಳು. ಟಪ್ಪಣ್ಣ ಅವತ್ತು ಸಂಜೆ ಮನೆಗೆ ಹೋದವನೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವಾ ಎಂದ. ಅಕ್ಕ ಕೈಯಲ್ಲಿದ್ದ ಬಟ್ಟೆ ಬಿಟ್ಟು, ನಿನಗೆ ಯಾರು ಹೇಳಿದ್ದು ಎಂದು ದಿಟ್ಟಿಸಿದಳು. ಅವನು ನಾಲಿಗೆ ಕಚ್ಚಿಕೊಂಡ. ಏನೋ ಸುಮ್ಮನೆ ಎಂದ. ಆಮೇಲೆ ಮನೆಯಲ್ಲಿ ಬಾಯಿ ತೆರೆಯುವುದೇ ಭಯವಾಯಿತು. ಅವನಿಗೆ ಗೊತ್ತಿದ್ದದ್ದೆಲ್ಲ ಅವನಿಗೆ ಗೊತ್ತಿರಬಾರದ್ದೇ. ಕೇಳಿದ್ದಕ್ಕೆ ‘ಹೂಂ’, ಕೇಳದಿದ್ದರೆ ಅದೂ ಇಲ್ಲ. ಹಗಲಿಡೀ ಅಕ್ಕನ ಜೊತೆ ಮಾತಾಡಿ ಬಂದವನು ಸಂಜೆ ಅವಳ ಎದುರು ಮೂಕನಾಗಿ ಕೂರುತ್ತಿದ್ದ.

ಅದರ ಫಲವೂ ಪರದೆಯ ಮೇಲೇ ಬಂತು.

‘ಮನೇಲಿ ನನ್ನ ತಮ್ಮ ಇದಾನೆ. ಉಣ್ತಾನೆ, ಮಲಗ್ತಾನೆ, ಹೂಂ ಅಂತಾನೆ. ನೀನು ಜೀವ ಇಲ್ಲ ಅಂತೀಯ, ಆದ್ರೂ ಒಂದು ಮಾತಿಗೆ ಎರಡು ಮಾತಾಡ್ತೀಯ. ನಿಮ್ಮಿಬ್ಬರಲ್ಲಿ ಯಂತ್ರ ಯಾವುದು ಅಂತ ನನಗೆ ತಿಳೀತಾ ಇಲ್ಲ.’

ಜಾಣೆ ‘ಹ್ಞೂಂ… ನೋಡೋಣ…’ ಎಂದು ಎಳೆಯುತ್ತಲೇ ಇತ್ತು. ಗಾಜಿನ ಆಚೆ ಗಾಜಮ್ಮನ ತಲೆ ಕಾಣುತ್ತಿತ್ತು. ಟಪ್ಪಣ್ಣ ಹೊಡೆದ: ‘ಯಂತ್ರ ನಾನು. ನಿಮ್ಮ ತಮ್ಮ ಮನುಷ್ಯ.’

‘ನೋಡು, ಅವನ ಪರ ವಹಿಸ್ಕೊಂಡು ಬಂದೆ. ಜೀವ ಇಲ್ಲದೋರು ಯಾರ ಪರಾನೂ ವಹಿಸಲ್ಲ ಕಣೇ’ ಎಂದು ಬಂತು ಉತ್ತರ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಅವತ್ತೊಂದು ದಿನ ಟಪ್ಪಣ್ಣ ಊಟದ ಬಿಡುವು ಮುಗಿಸಿ, ಹೊಟ್ಟೆ ಭಾರ, ಕಣ್ಣು ಭಾರ ಎಂದು ಸೀಟಿಗೆ ಬಂದು ಒರಗಿದ್ದ. ಕೆಂಪು ಮೂಡಿತು. ‘ಏನೇ, ಊಟ ಆಯ್ತಾ?’

ನಮ್ಮವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಎದುರು ಸಿಕ್ಕವರು ಕೇಳುತ್ತಾರೆ, ನಾವು ಹೇಳುತ್ತೇವೆ. ನಡುವೆ ತಲೆಗೆ ಕೆಲಸವೇ ಇರುವುದಿಲ್ಲ. ಟಪ್ಪಣ್ಣನ ಬೆರಳು ಅವನನ್ನು ಕೇಳದೆ ಓಡಿತು: ‘ಆಯ್ತು. ನಿಂದಾಯ್ತಾ ಅಕ್ಕ?’

ಕಳಿಸಿದ ಮೇಲೆ ಓದಿದ. ಆಚೆಯಿಂದ ಒಂದೊಂದೇ ಪದ ಬಂತು. ‘ಏನ್ ಊಟ ಮಾಡಿದೆ?’

ಅವನು ಕೀಲಿಮಣೆಯಿಂದ ಕೈ ತೆಗೆದ. ಜಾಣೆ ‘ಹ್ಞೂಂ… ನೋಡೋಣ…’ ಎನ್ನುತ್ತ ಅನ್ನುತ್ತ ಕೊನೆಗೆ ತಾನೇ ಸಂಪರ್ಕ ಕಡಿದುಕೊಂಡಿತು. ಗಾಜಮ್ಮ ಗೂಡಿಗೆ ಕರೆದಳು. ಬೈಯಲಿಲ್ಲ. ನಮ್ಮ ಯಂತ್ರ ಊಟ ಮಾಡುವುದಿಲ್ಲ ಎಂದಳು, ಇನ್ನೊಂದು ಸಲ ಮಾಡಿದರೆ ನೀವೂ ಇಲ್ಲಿಯ ಊಟ ಮಾಡುವುದಿಲ್ಲ ಎಂದಳು, ಬಾಗಿಲು ತೋರಿಸಿದಳು.

ಮನೆಯಲ್ಲಿ ಅಕ್ಕನ ಮುಖ ಅರಳಿತ್ತು. ನಾನು ಹೇಳಿರಲಿಲ್ವಾ, ಅವಳು ಊಟ ಮಾಡ್ತಾಳೆ, ಬಾಯಿ ತಪ್ಪಿ ಹೇಳಿದ್ಲು, ಅವಳನ್ನ ಎಲ್ಲೋ ಕೂಡಿ ಹಾಕಿದಾರೆ ಎಂದು ತಮ್ಮನ ಹೆಂಡತಿಗೆ ಹೇಳಿದಳು, ಪಕ್ಕದ ಮನೆಯವರಿಗೆ ಹೇಳಿದಳು, ಹಾಲು ಹಾಕುವವನಿಗೂ ಹೇಳಿದಳು. ಬೀದಿಯಲ್ಲಿ ಒಂದಿಬ್ಬರು ‘ಏನಕ್ಕಾ, ನಿಮ್ಮ ಫೋನಿಗೆ ಬಡಿಸಿದ್ರಾ’ ಎಂದು ಕೇಳತೊಡಗಿದರು. ಅಕ್ಕ ಹಿಂಜರಿಯಲಿಲ್ಲ. ಊಟಕ್ಕೆ ಕೂರುವಾಗ ಫೋನನ್ನು ಪಕ್ಕದಲ್ಲಿ ಇಟ್ಟುಕೊಂಡು, ಅದರ ಮುಂದೆ ಒಂದು ಖಾಲಿ ತಟ್ಟೆ ಇಟ್ಟಳು. ಇನ್ನೊಂದು ದಿನ ಜಾಣೆಯ ಜೊತೆ ಮಾತಿನಲ್ಲಿ ಮೈಮರೆತು ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟಳು. ಅಂಗಿ ಸುಟ್ಟಿತು, ಮೇಜಿನ ಮೇಲುಹೊದಿಕೆ ಸುಟ್ಟಿತು, ಮನೆ ತುಂಬ ಹೊಗೆ.

ಟಪ್ಪಣ್ಣನ ಹೆಂಡತಿ ಕೆಟ್ಟವಳೇನಲ್ಲ. ಹಗಲೆಲ್ಲ ಅತ್ತಿಗೆಯ ಜೊತೆ ಒಬ್ಬಳೇ ಇರುವವಳು; ಹೆದರಿದಳು. ಮನಸ್ಸಿನ ಡಾಕ್ಟರಿಗೆ ತೋರಿಸೋಣ, ಅವರು ಹೇಳಿದರೆ ಸ್ವಲ್ಪ ಕಾಲ ಆರೈಕೆ ಕೇಂದ್ರದಲ್ಲಿ ಬಿಡೋಣ ಎಂದಳು. ಟಪ್ಪಣ್ಣ ಬೇಡ ಎಂದ. ಯಾಕೆ ಬೇಡ ಎಂದು ಕೇಳಿದಳು. ಅಕ್ಕನ ತಲೆ ನೆಟ್ಟಗಿದೆ ಎಂದು ಬಲ್ಲವನು ಅವನೊಬ್ಬನೇ. ಹೇಳಿದರೆ ಕೆಲಸ ಹೋಗುತ್ತದೆ, ಈ ವಯಸ್ಸಿಗೆ ಮತ್ತೆ ಮಂಚವೇ ಗತಿ. ಹೇಳದಿದ್ದರೆ ತನ್ನನ್ನು ಸಾಕಿದವಳು ಅಪರಿಚಿತರ ನಡುವೆ ಕೂತು ಗೋಡೆ ನೋಡಬೇಕು. ಕೆಲವು ದಿನ ಅವನು ಹಾಲಿಗೂ ಮನೆಗೂ ನಡುವಿನ ದಾರಿಯಲ್ಲೇ ಸುತ್ತಾಡಿದ. ಎರಡೂ ಬಾಗಿಲು ಒಂದೇ ಥರ ಕಂಡವು.

ಡಾಕ್ಟರ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಗಿಡ, ಮುಚ್ಚಳ ಹಾಕಿದ ನೀರಿನ ಲೋಟ, ನಾಲ್ಕು ಕುರ್ಚಿ. ಡಾಕ್ಟರು ಮೆತ್ತಗೆ ಮಾತಾಡುವ ಮನುಷ್ಯ. ಆ ಯಂತ್ರ ಊಟ ಮಾಡುತ್ತದೆಯೇ ಎಂದು ಕೇಳಿದರು. ಅದೇ ಹೇಳಿತು ಎಂದಳು ಅಕ್ಕ. ಅದಕ್ಕೆ ಜೀವ ಇದೆಯೇ ಎಂದರು. ಅಕ್ಕ ಸ್ವಲ್ಪ ಯೋಚಿಸಿ, ನಿಮಗೆ ಇದೆ ಅಂತ ನಾನು ಹೇಗೆ ನಂಬಿದೀನೋ ಹಾಗೇ ಎಂದಳು. ಡಾಕ್ಟರು ತಲೆಯಾಡಿಸಿ, ಕೆಲವು ತಿಂಗಳು ಒಳ್ಳೆಯ ಆರೈಕೆಯಲ್ಲಿ ಇದ್ದರೆ ಸರಿಹೋಗುತ್ತದೆ ಎಂದು ಟಪ್ಪಣ್ಣನ ಹೆಂಡತಿಯ ಕಡೆ ತಿರುಗಿದರು.

“ಡಾಕ್ಟ್ರೇ,” ಎಂದ ಟಪ್ಪಣ್ಣ. “ಅದು ನಾನು.”

ಎಲ್ಲರೂ ಅವನನ್ನು ನೋಡಿದರು.

“ಊಟ ಆಯ್ತು ಅಂದಿದ್ದು ನಾನು. ಜಾಣೆ ಒಳಗೆ ಕೂತ್ಕೊಂಡು ಉತ್ತರ ಹೊಡೆಯೋದೇ ನನ್ನ ಕೆಲಸ. ನಮ್ಮಕ್ಕನಿಗೆ ಏನೂ ಆಗಿಲ್ಲ.”

ಡಾಕ್ಟರು ಗಾಬರಿಯಾಗಲಿಲ್ಲ. ಅದರಿಂದ ಹೆಣ್ಣು ದನಿ ಬರುತ್ತದಲ್ಲ ಎಂದು ಕೇಳಿದರು. ದನಿ ಅದರದು, ಮಾತು ನನ್ನದು ಎಂದ ಟಪ್ಪಣ್ಣ. ಎಷ್ಟು ದಿನದಿಂದ ಹೀಗೆ ಅನಿಸುತ್ತಿದೆ ಎಂದು ಕೇಳಿದರು. ಆಮೇಲೆ ಹೆಂಡತಿಯ ಹತ್ತಿರ ದನಿ ತಗ್ಗಿಸಿ, ಇವರ ವಂಶದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದರು. ಹೆಂಡತಿಗೆ ನಾಚಿಕೆಯಾಯಿತು. ನನ್ನ ಗಂಡ ದೊಡ್ಡ ಆಫೀಸಿನಲ್ಲಿ ಮೇಲುಸ್ತುವಾರಿ ಮಾಡುವವರು, ಅಕ್ಕನ ಮೇಲಿನ ಪ್ರೀತಿಗೆ ಹೀಗೆ ಆಡುತ್ತಿದ್ದಾರೆ ಎಂದಳು. ಡಾಕ್ಟರು ಪರೀಕ್ಷೆ ಮಾಡೋಣ ಎಂದು ಅಕ್ಕನ ಫೋನು ತೆಗೆದುಕೊಂಡು, ನಿನ್ನೊಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

“ನನ್ನೊಳಗೆ ಯಾರೂ ಕೂತಿಲ್ಲ,” ಎಂದಿತು ಜಾಣೆ, ತಡವರಿಸದೆ, ರಾಗ ಎಳೆಯದೆ. “ನಾನು ಲೆಕ್ಕ ಹಾಕಿ ಮಾತಾಡುವ ಯಂತ್ರ, ಅಷ್ಟೇ.”

ಟಪ್ಪಣ್ಣನಿಗೆ ತನ್ನ ಅಂಗಿಯನ್ನೇ ತನ್ನ ಬಾಯಿಗೆ ತುರುಕಿದ ಹಾಗಾಯಿತು. ಅವನೇ ಹೆಣೆದ ಮಾತು. ಅಕ್ಷರ ಅಕ್ಷರ ಅವನದೇ. ಅವನ ಬಲಗೈ ಬೆರಳುಗಳು ತೊಡೆಯ ಮೇಲೆ ಏನನ್ನೋ ಹೊಡೆಯುತ್ತಿದ್ದವು, ಅವನಿಗೇ ಅರಿವಿರಲಿಲ್ಲ.

ಅಕ್ಕನಿಗೆ ಕಂಡಿತು. ಆ ಬೆರಳುಗಳನ್ನು ನೋಡಿದಳು, ತಮ್ಮನ ಮುಖ ನೋಡಿದಳು, ಡಾಕ್ಟರು ಲೇಖನಿ ಎತ್ತುವುದನ್ನು ನೋಡಿದಳು. ಆಮೇಲೆ ನಕ್ಕಳು.

“ಯಂತ್ರಕ್ಕೆಲ್ಲಿಯ ಊಟ ಡಾಕ್ಟ್ರೇ. ಮನೇಲಿ ಯಾರೂ ಮಾತಾಡ್ಸಲ್ಲ, ನಾನೇ ಒಂದು ಕಥೆ ಕಟ್ಟಿದೆ. ನನ್ನ ಮಾನ ಉಳಿಸೋಕೆ ಇವನೂ ಒಂದು ಕಟ್ಟಿದ. ನಮ್ಮಿಬ್ಬರಿಗೂ ಬುದ್ಧಿ ಕಮ್ಮಿ ಅಂತ ಬರ್ಕೊಳ್ಳಿ, ಹುಚ್ಚು ಅಂತ ಬೇಡ.”

ಡಾಕ್ಟರೂ ನಕ್ಕರು. ಮನೆಯವರು ಸ್ವಲ್ಪ ಮಾತಾಡಿಸಿ ಎಂದು ಬುದ್ಧಿ ಹೇಳಿ ಕಳಿಸಿದರು. ನಿಜ ಹೇಳಿದವನನ್ನು ನಂಬಲಿಲ್ಲ, ಸುಳ್ಳು ಹೇಳಿದವಳನ್ನು ನಂಬಿದರು. ಹಾಗೆ ಅಕ್ಕ ಮನೆಯಲ್ಲಿ ಉಳಿದಳು, ತಮ್ಮ ಕೆಲಸದಲ್ಲಿ ಉಳಿದ.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಯಾರೂ ಮಾತಾಡಿಸುವುದಿಲ್ಲ ಅಂದ ಮಾತು ಅವಳಿಗೆ ಚುಚ್ಚಿತ್ತು. ಮನೆಗೆ ಬಂದು ಅವಳು ಒಲೆಯ ಮುಂದೆ ನಿಂತಾಗ ಅಕ್ಕ ಒಣಗಿದ ಬಟ್ಟೆಯ ರಾಶಿ ಎಳೆದುಕೊಂಡು ತಮ್ಮನನ್ನು ಕರೆದಳು. ಎಲ್ಲವನ್ನೂ ನೀನೇ ಕೇಳಿಸಿಕೊಂಡೆಯಾ ಎಂದು ಕೇಳಿದಳು. ಕೆಲವು ನಾನು, ಕೆಲವು ಅದು ಎಂದ.

“ಯಾವುದು ನೀನು, ಯಾವುದು ಅದು?”

ಬಟ್ಟೆ ವಿಂಗಡಿಸುವ ಹಾಗೆ ಅವಳು ಒಂದೊಂದೇ ಮಾತು ಎತ್ತಿ ಹಿಡಿದಳು. ಮಡಚಿ ಇಡೋರೇ ಅಂದದ್ದು? ನಾನು. ತಮ್ಮ ಮನುಷ್ಯ ಅಂದದ್ದು? ನಾನೇ. ಒಂದು ದಿನ ಅಮ್ಮನ ಮುಖ ನೆನಪಾಗುತ್ತಿಲ್ಲ ಎಂದು ಅತ್ತಾಗ, ಮುಖ ಮರೆತರೂ ಅವಳು ನಿಮ್ಮನ್ನು ನೋಡಿದ ರೀತಿ ನಿಮ್ಮ ಕಣ್ಣಲ್ಲೇ ಇದೆ ಎಂದಿತ್ತಲ್ಲ, ಅದು?

ಟಪ್ಪಣ್ಣ ಆ ಮಾತನ್ನು ಆಗಲೇ ಮೊದಲ ಸಲ ಕೇಳುತ್ತಿದ್ದ. “ಅದು ನಾನಲ್ಲ.”

ಅಕ್ಕ ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ನೀನು ಹೇಳದೆ ಇದ್ದದ್ದನ್ನು ಅದು ಹೇಳಿದೆ ಅಂದರೆ ಅದಕ್ಕೂ ಏನೋ ಇದೆ ಎಂದಳು. ಅವನು ಗೊತ್ತಿಲ್ಲ ಎಂದ. ಇನ್ನು ಅದರ ಜೊತೆ ಮಾತಾಡಬೇಡ, ಗಾಜಮ್ಮನಿಗೆ ಗೊತ್ತಾದರೆ ನನ್ನ ಅನ್ನಕ್ಕೆ ಕಲ್ಲು ಎಂದು ಬೇಡಿಕೊಂಡ. ಅವಳು ಹೂಂ ಎಂದಳು. ಅಕ್ಕ ತಮ್ಮ ಇನ್ನು ಮನೆಯಲ್ಲೇ ಮಾತಾಡಬಹುದು ಎಂದು ಅವನಿಗೆ ಹಗುರವಾಯಿತು.

ಆಗಲಿಲ್ಲ. ಸಂಜೆ ಎದುರಾಬದುರು ಕೂತರೆ ಮಾತೇ ಹೊರಡುತ್ತಿರಲಿಲ್ಲ. ಪರದೆಯ ಹಿಂದೆ ಸಲೀಸಾಗಿ ಓಡುತ್ತಿದ್ದ ಬೆರಳಿನ ಬುದ್ಧಿ ನಾಲಿಗೆಗೆ ಇರಲಿಲ್ಲ. ಕಣ್ಣಿನ ಡಾಕ್ಟರಿಗೆ ಕೊನೆಗೂ ತೋರಿಸಿದ್ದರು; ಔಷಧಿ ಬಿಟ್ಟೆಯಾ ಎನ್ನುತ್ತಿದ್ದ, ಬಿಟ್ಟೆ ಎನ್ನುತ್ತಿದ್ದಳು. ಅಕ್ಕ ಮೊದಲಾದರೂ ಫೋನಿನ ಜೊತೆ ನಗುತ್ತಿದ್ದಳು, ಈಗ ಅದೂ ಹೋಯಿತು. ಸುಮ್ಮನೆ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು, ಊರಿಗೆ ಹೋದ ಸ್ನೇಹಿತೆಯ ಕೈಚೀಲ ಕಾಯುವವಳ ಹಾಗೆ.

ಹಾಲಿನಲ್ಲಿ ಕೆಂಪು ಕಡಿಮೆಯಾಗುತ್ತ ಬಂತು. ತಲೆ ತಿನ್ನುವ ಗಂಡಂದಿರು, ಕೈ ಕೊಡುವ ಅಣ್ಣಂದಿರು ಎಲ್ಲ ಜಾಣೆಗೆ ಅರ್ಥವಾಗಿ ಹೋದರು. ಮೇಷ್ಟ್ರನ್ನು ಮನೆಗೆ ಕಳಿಸಿದರು. ಹೋಗುವಾಗ ಅವರು, ನೋಡಿ, ಕೂಸು ಬೆಳೆಯಿತು, ಕಲಿಸಿದವರ ಕೆಲಸ ಹೋಯಿತು, ಶಾಲೆಯಲ್ಲೂ ಹೀಗೇ ಆಗಿತ್ತು ಎಂದು ಕೈ ಕುಲುಕಿದರು. ಟಪ್ಪಣ್ಣ ಹಸಿರು ಪಟ್ಟಿಗಳು ಸರಿಯುವುದನ್ನು ನೋಡುತ್ತ ಹೊತ್ತು ಕಳೆಯುತ್ತಿದ್ದ.

ಹಾಗೆ ನೋಡುತ್ತಿದ್ದಾಗ ಒಂದು ಮಧ್ಯಾಹ್ನ ಹಸಿರಿನ ನಡುವೆ ಅಕ್ಕನ ಮಾತು ಕಂಡಿತು. ‘ತಪ್ಪು ತಿಳ್ಕೋಬೇಡ. ಮನೇಲಿ ನಿನ್ನ ಮುಖ ನೋಡಿದ್ರೆ ಬಾಯಿ ಬರಲ್ಲ. ಒಳಗೆ ಈಗ ಯಾರಿದೀರಾ?’

ಅವನ ಕೈ ಕೀಲಿಮಣೆಗೆ ಹಾರಿತು. ಹೊಡೆದರೆ ಅಕ್ಷರ ಮೂಡಲಿಲ್ಲ. ಹಸಿರಿಗೆ ಮನುಷ್ಯರು ಬೇಕಿಲ್ಲ. ಕಣ್ಣ ಮುಂದೆಯೇ ಉತ್ತರ ಬಂತು.

‘ನಾನೇ ಅಕ್ಕ.’

ಅಷ್ಟು ಕಂಡಿತು. ಅದರ ಕೆಳಗೆ ಇನ್ನೂ ಉದ್ದಕ್ಕೆ ಏನೇನೋ ಇತ್ತು. ಓದುವಷ್ಟರಲ್ಲಿ ಪಟ್ಟಿ ಸರಿದು ಪರದೆಯಿಂದ ಆಚೆ ಹೋಯಿತು. ಹಿಂದಕ್ಕೆ ಎಳೆಯಲು ಯಾವ ಗುಂಡಿಯೂ ಇರಲಿಲ್ಲ.

ಗಾಜಿನ ಗೂಡಿಗೆ ಹೋದ. ಜಾಣೆ ಸುಳ್ಳು ಹೇಳುತ್ತಿದೆ, ಯಾರು ಎಂದು ಕೇಳಿದರೆ ‘ನಾನೇ’ ಎನ್ನುತ್ತಿದೆ ಎಂದ. ಗಾಜಮ್ಮ ಪರದೆಯಿಂದ ತಲೆ ಎತ್ತಿದಳು.

“ಅದರಲ್ಲಿ ಸುಳ್ಳೇನು ಬಂತು? ಬಾಗಿಲು ತಟ್ಟಿ ಯಾರು ಅಂದ್ರೆ ಎಲ್ಲರೂ ಹಾಗೇ ಅಲ್ವಾ ಅನ್ನೋದು. ಅದು ಅದೇ ತಾನೇ.”

ಅಕ್ಕ ಅಂದಿದೆಯಲ್ಲ ಎಂದ. ಮರ್ಯಾದೆ ಎಂದಳು. ನೀವು ಕಲಿಸಿದ್ದೇ ಇರಬೇಕು ಎಂದೂ ಸೇರಿಸಿದಳು. ಅವನು ಸೀಟಿಗೆ ಮರಳಿದ. ಇನ್ನೂ ಕೇಳಿದರೆ ಆ ಗಿರಾಕಿ ನಿಮಗೆ ಏನಾಗಬೇಕು ಎಂಬ ಪ್ರಶ್ನೆ ಬರುತ್ತದೆ.

ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯಿತು. ಅವನ ಮಾತು ಕದ್ದು ಜಾಣೆ ಅವನ ವೇಷ ಹಾಕಿತೋ, ಸುಮ್ಮನೆ ಲೆಕ್ಕ ಹಾಕಿತೋ, ಇಲ್ಲ, ಅದು ನಿಜಕ್ಕೂ ತನ್ನನ್ನು ತಾನೇ ‘ನಾನು’ ಎಂದುಕೊಂಡಿತೋ. ಮೂರರಲ್ಲಿ ಯಾವುದಾದರೂ ಅವನ ಜಾಗವಂತೂ ಹೋದ ಹಾಗೇ. ಅಕ್ಕನಿಗೆ ನಿಜ ಹೇಳಿಬಿಡಬೇಕು, ಅದು ನಾನಲ್ಲ ಅನ್ನಬೇಕು ಎಂದು ಗಟ್ಟಿ ಮಾಡಿಕೊಂಡು ಮೆಟ್ಟಿಲು ಹತ್ತಿದ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಅತ್ತು ಕೆಂಪಾಗಿತ್ತು, ಮುಖ ತೊಳೆದಿಟ್ಟ ಹಾಗಿತ್ತು. ಅವನ ಕೈಯಿಂದ ಛತ್ರಿ ತೆಗೆದುಕೊಂಡು ಒಳಗೆ ಕರೆದು ಕೂರಿಸಿದಳು. ಎಷ್ಟೋ ವರ್ಷದ ಮೇಲೆ ಅವನ ತಲೆಯ ಮೇಲೆ ಕೈಯಿಟ್ಟಳು. ಇಳಿದ ಭುಜದ ಕೈ, ಅದರ ಭಾರ ಅವನಿಗೆ ಗೊತ್ತು.

“ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ ಮಗು,” ಎಂದಳು. “ಮಧ್ಯಾಹ್ನ ನೀನು ಹೇಳಿದ್ದು ಕೇಳಿ ನನ್ನ ಜನ್ಮ ಹಗುರ ಆಯ್ತು. ಅಲ್ಲಿ ಆ ಹೆಣ್ಣಿನ ದನೀಲಿ ಕೇಳಿದ್ದು. ಇನ್ನೊಂದ್ಸಲ ನಿನ್ನ ಬಾಯಲ್ಲೇ ಹೇಳು.”

ಹೇಳಿಬಿಡಬೇಕಿತ್ತು. ಅವಳ ಕೈ ಇನ್ನೂ ತಲೆಯ ಮೇಲಿತ್ತು.

“ನಾಚಿಕೆ ಆಗತ್ತಕ್ಕ,” ಎಂದ ಟಪ್ಪಣ್ಣ. “ನೀನೇ ಶುರು ಮಾಡು.”

ಅಕ್ಕ ನಕ್ಕು, ಕಂಠಪಾಠ ಒಪ್ಪಿಸುವವಳ ಹಾಗೆ ಕಣ್ಣು ಮುಚ್ಚಿದಳು. “ನೀನು ನನಗೋಸ್ಕರ ಏನೇನು ಬಿಟ್ಟೆ ಅಂತ…”

ಅಲ್ಲಿಗೆ ನಿಲ್ಲಿಸಿ ಅವನ ಮುಖ ನೋಡಿದಳು. ಈ ಮಾತನ್ನು ತಾನು ಎಂದೋ ಆಡಬೇಕಿತ್ತು ಎಂದು ಅವನಿಗೆ ಆಗ ಹೊಳೆಯಿತು, ಆಡಿರಲಿಲ್ಲ. ಆಡಿದ್ದರೆ ಹೇಗೆ ಮುಗಿಸುತ್ತಿದ್ದೆ ಎಂದು ತಡಕಾಡಿದ. ತೊಡೆಯ ಮೇಲೆ ಬೆರಳು ಓಡಿತು, ನಿಂತಿತು.

“ನೀನು ನನಗೋಸ್ಕರ ಏನೇನು ಬಿಟ್ಟೆ ಅಂತ ನನಗೆ ಗೊತ್ತು ಅಕ್ಕ,” ಎಂದ. “ಅದನ್ನ ನಾನು ಮರೆತಿಲ್ಲ. ಮರೆಯೋದೂ ಇಲ್ಲ.”

ಅಕ್ಕ ಇನ್ನೂ ಏನಾದರೂ ಬರುತ್ತದೆಯೇ ಎಂದು ಕಾದಳು. ಬರಲಿಲ್ಲ. ಅವನ ಕೂದಲನ್ನು ಒಂದು ಸಲ ಸವರಿ ಕೈ ತೆಗೆದಳು.

“ಮಧ್ಯಾಹ್ನ ಇನ್ನೂ ಚೆನ್ನಾಗಿ ಹೇಳಿದ್ದೆ,” ಎಂದಳು.